ಇಪ್ಪತ್ತು ನಿಮಿಷದ ನೀರು

ಸಿಹಿಬಾವಿ ಪಟ್ಟಣ ಪಂಚಾಯಿತಿಯಲ್ಲಿ ಇಪ್ಪತ್ತೊಂದು ವರ್ಷದಿಂದ ನೀರು ಬಿಡುತ್ತಿದ್ದ ಹೊಳಬಸಪ್ಪನ ನೌಕರಿ ಇನ್ನೂ ಹಂಗಾಮಿಯಾಗಿತ್ತು. ಅಷ್ಟರಲ್ಲಿ ಹನ್ನೊಂದು ಮಂದಿ ಮುಖ್ಯಾಧಿಕಾರಿಗಳು ಬಂದು ಹೋದರು, ಕಚೇರಿಯ ಗೋಡೆಗೆ ನಾಲ್ಕು ಸಲ ಬಣ್ಣ ಬದಲಾಯಿತು, ಊರ ಫಲಕದ ಮೇಲಿನ 'ಗ್ರಾಮ' ಅಳಿಸಿ 'ಪಟ್ಟಣ' ಬರೆದರು. ಬದಲಾಗದೆ ಉಳಿದವು ಎರಡೇ. ಒಂದು, ಐದು ದಿನಕ್ಕೊಮ್ಮೆ ಬರುವ ನಳದ ನೀರು. ಇನ್ನೊಂದು, ಹೊಳಬಸಪ್ಪನ ಹೆಸರಿನ ಮುಂದಿದ್ದ 'ದಿನಗೂಲಿ' ಎಂಬ ಶಬ್ದ.

ಊರು ಗುಡೂರಿನಿಂದ ಪಟ್ಟದಕಲ್ಲಿಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ ಸರಿದು ಕೂತಿದೆ. ಹೆಸರಿನಲ್ಲಿರುವ ಬಾವಿ ಇದೆ, ಸಿಹಿ ಇಲ್ಲ. ಒಂಬತ್ತು ಓಣಿಗಳಿಗೆ ಒಂದೇ ಒಂದು ಎತ್ತರದ ನೀರಿನ ಟಾಕಿ. ದಿನಕ್ಕೆರಡು ಓಣಿಯಂತೆ, ಒಂದೊಂದು ಓಣಿಗೆ ಎರಡು ತಾಸು ನೀರು ಬಿಡುವುದು ಹೊಳಬಸಪ್ಪನ ಕೆಲಸ. ಅವನ ಕೈಕೆಳಗೆ ಇಬ್ಬರು: ಮೂವತ್ತು ವರ್ಷ ಕುಕ್ಕರಗಾಲಲ್ಲಿ ಕೂತು ವಾಲ್ವ್ ತಿರುವಿ ಮೊಣಕಾಲು ಕಳೆದುಕೊಂಡ ಯಾಕೂಬಸಾಬ, ಮತ್ತು ಮೂರು ಮಕ್ಕಳ ತಂದೆಯಾದರೂ ಕುಚೋದ್ಯ ಬಿಡದ ಯಮನೂರ. ಅವರೂ ದಿನಗೂಲಿಗಳೇ, ಆದರೆ ಖಾಯಂ ಆಗುವ ಆಸೆಯನ್ನು ಎಂದೋ ಕೈಬಿಟ್ಟವರು, ಆದ್ದರಿಂದ ಆರೋಗ್ಯವಾಗಿದ್ದರು.

ಹೊಳಬಸಪ್ಪನಿಗೆ ಆ ಆಸೆ ಬಿಟ್ಟಿರಲಿಲ್ಲ. ಅವನಿಗೆ ಐವತ್ತನಾಲ್ಕು ತುಂಬಿ ನಾಲ್ಕು ತಿಂಗಳಾಗಿತ್ತು. ಐವತ್ತೈದು ದಾಟಿದರೆ ಖಾಯಂ ಫೈಲು ತಾನಾಗಿಯೇ ಮುಚ್ಚಿಹೋಗುತ್ತದೆ ಎಂದು ಕಚೇರಿಯ ಗುಮಾಸ್ತರು ಹೇಳಿದ್ದರು. ಹೆಂಡತಿ ಶಿವಗಂಗಾ ಯಾವ ಅರ್ಜಿ ತುಂಬಿಸಿದರೂ 'ಗಂಡನ ಉದ್ಯೋಗ' ಎಂಬಲ್ಲಿ ಖಾಲಿ ಬಿಡಿಸುತ್ತಿದ್ದಳು. ಯಾಕೆಂದು ಕೇಳಿದರೆ, "ಖಾಯಂ ಆದ ಮ್ಯಾಲ ಒಮ್ಮೆಲೆ ಬರಸ್ತೇನಿ, ಸುಮ್ಮನ ಗೀಚ್ಯಾಡೂದ್ಯಾಕ" ಎನ್ನುತ್ತಿದ್ದಳು.

ಹೀಗಿರುವಾಗ ಜಿಲ್ಲೆಯಿಂದ ಒಂದು ಪತ್ರ ಬಂತು. ಬಾಗಲಕೋಟೆಯ ನವನಗರದಲ್ಲಿ ಎರಡು ದಿನದ ತರಬೇತಿ, ವಿಷಯ: 'ಸಂಸ್ಥೆಯ ಬದಲಾವಣೆಯನ್ನು ಶಾಶ್ವತಗೊಳಿಸುವಲ್ಲಿ ಅಜೈಲ್ ಚಿಂತನೆ'. ಪತ್ರ ಮುಖ್ಯಾಧಿಕಾರಿ ವಿಜಯಮಹಾಂತೇಶರ ಹೆಸರಿಗಿತ್ತು. ಅವರಿಗೆ ಇಳಕಲ್ಲಿನಲ್ಲಿ ಮದುವೆ ಇತ್ತು. ಪತ್ರ ಇಂಜಿನಿಯರರ ಮೇಜಿಗೆ ಹೋಯಿತು. ಅವರಿಗೆ ಬಿ.ಪಿ. ಇತ್ತು. ಅಲ್ಲಿಂದ ಗುಮಾಸ್ತರಿಗೆ ಇಳಿಯಿತು. ಅವರು ಫೋನು ಮಾಡಿ ಊಟಕ್ಕೆ ಏನಿದೆ ಎಂದು ವಿಚಾರಿಸಿದರು, ಮೊಸರನ್ನ ಎಂದು ತಿಳಿದು ಆಸಕ್ತಿ ಕಳೆದುಕೊಂಡರು. ಆ ಹೊತ್ತಿಗೆ ಕಚೇರಿಯ ಸೋರುವ ನಳಕ್ಕೆ ದಾರ ಸುತ್ತುತ್ತ ಹೊಳಬಸಪ್ಪ ಅಲ್ಲೇ ಕೂತಿದ್ದ. ಪತ್ರ ಅವನ ಕೈಗೆ ಬಂದು ನಿಂತಿತು. ಅವನಿಗಿಂತ ಕೆಳಗೆ ಇಳಿಯಲು ಅದಕ್ಕೆ ಜಾಗವಿರಲಿಲ್ಲ.

ತರಬೇತಿ ಕೊಟ್ಟವನು ಚೇತನಕುಮಾರ ಎಂಬ ಬೆಂಗಳೂರಿನವನು. ತೆಳ್ಳಗಿನ ಮೈ, ಗಟ್ಟಿ ದನಿ, ಎರಡು ದಿನವೂ ಕುರ್ಚಿ ಮುಟ್ಟದ ಮನುಷ್ಯ.

"ಅಜೈಲ್ ಅಂದ್ರೆ ಇಷ್ಟೇ, ದೊಡ್ಡ ಕೆಲಸಾನ ಸಣ್ಣ ಸಣ್ಣ ತುಂಡು ಮಾಡಿ" ಎಂದು ಅವನು ಹೇಳಿದ. "ದಿನಾ ಸ್ವಲ್ಪ ಸ್ವಲ್ಪ ಕೊಡಿ. ಜನರನ್ನ ಕಾಯಿಸಿ ಕಾಯಿಸಿ ಒಂದೇ ಸಲ ಸುರೀಬೇಡಿ. ದಿನಾ ಬೆಳಿಗ್ಗೆ ಹದಿನೈದು ನಿಮಿಷ ನಿಂತುಕೊಂಡೇ ಮೀಟಿಂಗ್ ಮಾಡಿ, ಕೂತರೆ ಮಾತು ಉದ್ದ ಆಗುತ್ತೆ. ಎಲ್ಲಾನೂ ಬಣ್ಣದ ಚೀಟೀಲಿ ಬರೆದು ಅಂಟಿಸಿ. ತಪ್ಪಾದ್ರೆ ತಕ್ಷಣ ಬದಲಾಯಿಸಿ!"

ಇದು ಮೊದಲ ದಿನ. ಎರಡನೆಯ ದಿನ, ಮಾಡಿದ ಬದಲಾವಣೆ ಹೇಗೆ ಉಳಿಯಬೇಕು, ತೊಂಬತ್ತು ದಿನ ಉಳಿದರೆ ಅದು ಹೇಗೆ ಶಾಶ್ವತವಾಗುತ್ತದೆ ಎಂದು ವಿವರಿಸಿದ. ಹಿಂದಿನ ಸಾಲಿನಲ್ಲಿ ಅರ್ಧ ಜನ ಕಣ್ಣು ಮುಚ್ಚಿ ಚಿಂತಿಸುತ್ತಿದ್ದರು. ಹೊಳಬಸಪ್ಪ ಮಾತ್ರ ಕೈ ಎತ್ತಿ ಎದ್ದು ನಿಂತ.

"ಸರ, ಬದಲಾವಣಿ ಮಾಡಿದ ಮ್ಯಾಲ ಅದ ತಪ್ಪ ಅಂತ ಗೊತ್ತಾತು ಅನ್ರಿ. ಆವಾಗ ಅದನ್ನ ಬದಲಿ ಮಾಡಬೇಕ್ರ್ಯೋ, ಉಳಿಸಬೇಕ್ರ್ಯೋ?"

ಚೇತನಕುಮಾರನ ಮುಖ ಅರಳಿತು. "ಅದ್ಭುತ ಪ್ರಶ್ನೆ! ಎಲ್ಲಾರೂ ಇವರಿಗೊಂದು ಚಪ್ಪಾಳೆ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಉತ್ತರ ಬರಲಿಲ್ಲ. ಆದರೆ ಇಪ್ಪತ್ತೊಂದು ವರ್ಷದಲ್ಲಿ ಹೊಳಬಸಪ್ಪನಿಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ, ಆದ್ದರಿಂದ ಉತ್ತರ ಬಂದಿಲ್ಲವೆಂಬುದು ಅವನಿಗೆ ಹೊಳೆಯಲೇ ಇಲ್ಲ.

ತರಬೇತಿಯ ಪ್ರಮಾಣಪತ್ರ ಎಲ್ಲರಿಗೂ ಕಾಣುವಂತೆ ಚೀಲದಿಂದ ಅರ್ಧ ಹೊರಗಿಟ್ಟುಕೊಂಡು ಅವನು ಬಸ್ಸಿಳಿದ. ಮರುದಿನ ಮುಖ್ಯಾಧಿಕಾರಿಗಳು ಅವನನ್ನು ಒಳಗೆ ಕರೆದರು. ಜಿಲ್ಲೆಯಿಂದ ಅವರಿಗೆ ಎರಡನೆಯ ಪತ್ರ ಬಂದಿತ್ತು: ತೊಂಬತ್ತು ದಿನದ ನಂತರ ತಪಾಸಣೆ, ಉತ್ತಮ ಬದಲಾವಣೆ ಮಾಡಿದ ಊರಿಗೆ ಪ್ರಶಸ್ತಿ.

"ನೋಡ ಹೊಳಬಸಪ್ಪ, ತರಬೇತಿ ತಗೊಂಡಾಂವ ನೀ. ಏನರ ಒಂದ ಬದಲಾವಣಿ ಮಾಡು, ತೊಂಬತ್ತ ದಿನ ಉಳಸಿ ತೋರ್ಸು. ತಪಾಸಣಿ ಪಾಸಾತಂದ್ರ ನಿನ್ನ ಫೈಲಿಗೆ ನಾ ಸಹಿ ಹಾಕ್ತೇನಿ."

"ಖಾಯಂ ಫೈಲಿಗ್ರಿ, ಸಾಹೇಬ್ರ?"

"ಮತ್ತೇನ್, ಮದಿವಿ ಫೈಲಿಗೇನ?"

ಹೊಳಬಸಪ್ಪ ಮನೆಗೆ ಹೋಗಿ ಶಿವಗಂಗಾಳಿಗೆ ಹೇಳಿದ. ಅವಳು ಒಳಗೆ ಹೋಗಿ ಅವನ ಪ್ಯಾಂಟಿಗೆ ಇಸ್ತ್ರಿ ಹಾಕಿದಳು. ನೀರು ಬಿಡುವವನ ಪ್ಯಾಂಟಿಗೆ ಇಸ್ತ್ರಿ ಬಿದ್ದದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಏಳಕ್ಕೆ ಟಾಕಿಯ ಕೆಳಗೆ ನಿಂತುಕೊಳ್ಳುವ ಮೀಟಿಂಗು ಶುರುವಾಯಿತು.

"ಚಾಚಾ, ಮೂರ ಮಾತಷ್ಟ. ನಿನ್ನೆ ಏನ ಮಾಡಿದಿ, ಇವತ್ತ ಏನ ಮಾಡ್ತಿ, ಅಡ್ಡಿ ಏನೈತಿ" ಎಂದು ಹೊಳಬಸಪ್ಪ ಹಳದಿ ಚೀಟಿ ಹಿಡಿದು ನಿಂತ.

ಯಾಕೂಬಸಾಬ ತನ್ನ ಮೊಣಕಾಲನ್ನೇ ನೋಡುತ್ತ ಹೇಳಿದ, "ನಿನ್ನೆ ನೀರ ಬಿಟ್ಟೆ. ಇವತ್ತ ನೀರ ಬಿಡ್ತೇನಿ. ಅಡ್ಡಿ ಅಂದ್ರ, ಮಣಕಾಲ."

"ಯಮನೂರಾ, ನೀ?"

"ನಿನ್ನೆ ನೀರ ಬಿಟ್ಟೆ. ಇವತ್ತ ನೀರ ಬಿಡ್ತೇನಿ. ಅಡ್ಡಿ ಅಂದ್ರ, ಈ ಮೀಟಿಂಗ್."

ಎಲ್ಲವನ್ನೂ ಬರೆದು ಟಾಕಿಯ ಕಂಬಕ್ಕೆ ಅಂಟಿಸಲಾಯಿತು. ಮರುದಿನವೂ ಅವೇ ಮಾತು, ಅವೇ ಚೀಟಿ. ಮೂರನೆಯ ದಿನ ಸೋಮವಾರ. ಆ ದಿನ ಟಾಕಿಯ ಎದುರಿನ ಮನೆಯ ರಂಗವ್ವ ಕಸ ಗುಡಿಸುತ್ತ ಇದನ್ನು ಕಂಡಳು, ಕಸಬರಿಗೆ ನಿಲ್ಲಿಸಿದಳು.

ರಂಗವ್ವ ಅರವತ್ತೈದು ದಾಟಿದವಳು, ಊರಿನ ಎಲ್ಲ ಹುಟ್ಟು ಸಾವುಗಳಿಗೆ ಮೊದಲು ಮುಟ್ಟಿದವಳು. ಅವಳು ವಿಚಾರ ಮಾಡಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಈ ಸೀಮೆಯಲ್ಲಿ ಗಂಡಸರು ಸೇರಿದರೆಂದರೆ ಕೂಡುತ್ತಾರೆ. ಕಟ್ಟೆಯಿದ್ದರೆ ಕಟ್ಟೆಯ ಮೇಲೆ, ಇಲ್ಲದಿದ್ದರೆ ಕಲ್ಲಿನ ಮೇಲೆ, ಅದೂ ಇಲ್ಲದಿದ್ದರೆ ಚಪ್ಪಲಿಯ ಮೇಲಾದರೂ ಕೂಡುತ್ತಾರೆ. ಮುಂಜಾನೆ ಹೊತ್ತು, ಚಹಾ ಇಲ್ಲದೆ, ಬೀಡಿ ಇಲ್ಲದೆ, ಕೈ ಕಟ್ಟಿ ತಲೆ ತಗ್ಗಿಸಿ ನಿಲ್ಲುವುದು ಒಂದೇ ಸಂದರ್ಭದಲ್ಲಿ: ಯಾರದೋ ಮನೆ ಮುಂದೆ, ಹೆಣ ಎತ್ತುವುದಕ್ಕೆ ಕಾಯುವಾಗ. ಇಲ್ಲಿ ಮನೆ ಇರಲಿಲ್ಲ, ಟಾಕಿ ಇತ್ತು. ಅಂದ ಮೇಲೆ ಹೆಣ ಎಲ್ಲಿದೆ ಎಂಬುದು ಸ್ಪಷ್ಟವೇ ಆಗಿತ್ತು. ಕಂಬಕ್ಕೆ ಬಣ್ಣದ ಕಾಗದ ಬೇರೆ ಅಂಟಿಸಿದ್ದರು, ಪೊಲೀಸರೇ ಅಂಟಿಸಿರಬೇಕು. ಅಷ್ಟರಲ್ಲಿ ಯಮನೂರ ಒಮ್ಮೆ ಮೇಲೆ ನೋಡಿದ. ಟಾಕಿಯ ಮೇಲೆ ಎರಡು ಮಂಗ ಕೂತಿದ್ದವು.

"ಯವ್ವಾ, ಟಾಕ್ಯಾಗ ಮಂಗ್ಯಾ ಸತ್ತ ಬಿದ್ದೈತಿ!" ಎಂದು ರಂಗವ್ವ ಮನೆಯೊಳಗೆ ಓಡಿ ಮೊದಲು ತನ್ನ ಕೊಡ ಬೋರಲು ಹಾಕಿದಳು.

ಎರಡನೆಯ ಓಣಿಗೆ ಹೋಗುವಾಗ ಅದು ಎರಡು ಮಂಗವಾಯಿತು. ಐದನೆಯ ಓಣಿಯಲ್ಲಿ ಮನುಷ್ಯನಾಯಿತು. ಬಸ್‌ಸ್ಟ್ಯಾಂಡಿನಲ್ಲಿ ಅವನಿಗೆ ಹೆಂಡತಿಯೂ ಸಿಕ್ಕಳು. ಎಂಟೂವರೆಗೆಲ್ಲ ಊರಿನ ಕೊಡ, ಬ್ಯಾರಲ್ಲು, ಹಂಡೆ, ಸಿಂಟೆಕ್ಸು ಎಲ್ಲ ಖಾಲಿ. ಐದು ದಿನಕ್ಕೆಂದು ತುಂಬಿಟ್ಟ ನೀರನ್ನು ಜನ ಮೂಗು ಮುಚ್ಚಿಕೊಂಡು ಗಟಾರಕ್ಕೆ ಸುರಿದರು. ಸಿಹಿಬಾವಿಯ ಗಟಾರಗಳು ಅಷ್ಟು ತುಂಬಿ ಹರಿದದ್ದನ್ನು ಮಳೆಗಾಲದಲ್ಲೂ ಯಾರೂ ಕಂಡಿರಲಿಲ್ಲ. ಹನ್ನೊಂದಕ್ಕೆ ಬಾಗಲಕೋಟೆಯಿಂದ ಬಂದಿಳಿದ ಮುಖ್ಯಾಧಿಕಾರಿಗಳ ಬೂಟು ತೊಯ್ದಿತು.

ಕಚೇರಿಯ ಮುಂದೆ ಖಾಲಿ ಕೊಡ ಹಿಡಿದ ಮುನ್ನೂರು ಜನ ಸೇರಿದ್ದರು.

"ಹೊಳಬಸಪ್ಪ, ಟಾಕಿ ನೀರ ತಂದು ಎಲ್ಲಾರ ಮುಂದ ಕುಡುದು ತೋರ್ಸು" ಎಂದು ಸಾಹೇಬರು ಆಜ್ಞೆ ಮಾಡಿದರು.

ಹೊಳಬಸಪ್ಪ ಏಣಿ ಹತ್ತಿ, ಇಣುಕಿ, ಏನೂ ಇಲ್ಲವೆಂದು ಸಾರಿ, ಒಂದು ತಂಬಿಗೆ ನೀರು ತಂದು ಗಟಗಟ ಕುಡಿದ. ಯಾರೂ ಅಲುಗಲಿಲ್ಲ.

"ಅಂವಾ ಖಾಯಂ ಆಗಾಕ ಏನ ಕೊಟ್ರೂ ಕುಡೀತಾನ್ರಿ" ಎಂದಳು ರಂಗವ್ವ. "ನೀವ ಕುಡೀರಿ, ಸಾಹೇಬ್ರ."

ಸಾಹೇಬರು ತಮ್ಮ ಕೈಯಲ್ಲಿದ್ದ ಬಾಟಲಿಯನ್ನು ಬೆನ್ನ ಹಿಂದೆ ಸರಿಸಿದರು. "ಇವತ್ತ ಸೋಮಾರವಾ. ನನಗ ಒಪ್ಪತ್ತೈತಿ."

"ನೀರಿಗೂ ಒಪ್ಪತ್ತೇನ್ರಿ?"

ಮುನ್ನೂರು ಜನ ಕಾದರು. ಕೊನೆಗೆ ಸಾಹೇಬರು ಮಹಾಕೂಟದಲ್ಲಿ ತೀರ್ಥ ತಗೊಂಡಂತೆ ಅಂಗೈಯಲ್ಲಿ ಎರಡು ಹನಿ ಹಿಡಿದು ತುಟಿಗೆ ಮುಟ್ಟಿಸಿದರು. ಆಗ ಊರು ನಂಬಿತು. ನಂಬಿದ ಮೇಲೆ ಚೆಲ್ಲಿದ ನೀರಿನ ನೆನಪಾಗಿ ಸಿಟ್ಟು ಬಂತು. ನಮಗೀಗ ನೀರು ಬೇಕು, ಈಗಲೇ ಬೇಕು, ಎಲ್ಲ ಓಣಿಗೂ ಬೇಕು ಎಂದು ಕೊಡ ಬಡಿಯತೊಡಗಿದರು. ಸಾಹೇಬರು ಬೆವರಿದರು. ಆ ಗದ್ದಲದಲ್ಲಿ ಹೊಳಬಸಪ್ಪನ ಬಾಯಿಂದ ತರಬೇತಿಯ ಮಾತು ಜಾರಿತು.

"ಸಾಹೇಬ್ರ, ಸಣ್ಣ ಸಣ್ಣ ತುಂಡ ಮಾಡೂಣ್ರಿ. ಒಂದೊಂದ ಓಣಿಗೆ ಇಪ್ಪತ್ತಿಪ್ಪತ್ತ ನಿಮಿಷ. ಎಲ್ಲಾರಿಗೂ ಇವತ್ತ ಸಿಗತೈತಿ."

ಆ ದಿನ ಹಿಂದಿನ ರಾತ್ರಿಯೇ ತುಂಬಿದ ಟಾಕಿ ಹಾಗೇ ಇತ್ತು. ಮೂವರೂ ಓಡಾಡಿ, ಗಡಿಯಾರದ ಕಡೆ ನೋಡದೆ, ಇಪ್ಪತ್ತು ನಿಮಿಷ ಎಂದು ಹೇಳಿ ಮುಕ್ಕಾಲು ತಾಸು ಬಿಟ್ಟರು. ಮನೆಗೆ ಎಂಟು ಹತ್ತು ಕೊಡ ಸಿಕ್ಕಿತು. ಸಾಹೇಬರು ಕೊಡ ತುಂಬುವ ಹೆಂಗಸರ ಫೋಟೋ ತೆಗೆದು ಜಿಲ್ಲೆಯ ವಾಟ್ಸಾಪ್ ಗುಂಪಿಗೆ ಹಾಕಿದರು: 'ಸಿಹಿಬಾವಿಯಲ್ಲಿ ಇಂದಿನಿಂದ ಪ್ರತಿದಿನ ನೀರು. ಅಜೈಲ್ ಚಿಂತನೆಯ ಫಲ.' ಐದೇ ನಿಮಿಷದಲ್ಲಿ ದೊಡ್ಡ ದೊಡ್ಡವರ ಹೆಬ್ಬೆರಳುಗಳು ಬಂದು ಬಿದ್ದವು. ಮೇಲಿನವರು ಒಮ್ಮೆ ಹೆಬ್ಬೆರಳು ತೋರಿಸಿದ ಮೇಲೆ ಕೆಳಗಿನವರು ಹಿಂದೆ ಸರಿಯುವಂತಿಲ್ಲ.

ಮರುದಿನದಿಂದ ಖರೆ ಇಪ್ಪತ್ತು ನಿಮಿಷ ಶುರುವಾಯಿತು. ಸಿಹಿಬಾವಿಯ ಪೈಪುಗಳು ಹೊಳಬಸಪ್ಪನ ನೌಕರಿಗಿಂತ ಹಳೆಯವು. ನೀರು ನಿಂತ ತಾಸಿನೊಳಗೆ ಅವುಗಳಲ್ಲಿದ್ದದ್ದೆಲ್ಲ ಮಣ್ಣಿಗೆ ಇಂಗುತ್ತದೆ. ಮತ್ತೆ ನೀರು ಬಿಟ್ಟರೆ ಮೊದಲು ಅರ್ಧ ತಾಸು ಪೈಪು ತಾನು ಕುಡಿಯುತ್ತದೆ, ಆಮೇಲೆ ಮನೆಗೆ ಕೊಡುತ್ತದೆ. ಇಪ್ಪತ್ತು ನಿಮಿಷಕ್ಕೆ ಬಂದ್ ಮಾಡಿದರೆ ನಳದಿಂದ ಬರುವುದು ಗಾಳಿ. ಒಂಬತ್ತು ಓಣಿಗಳಲ್ಲೂ ನಳಗಳು ಸಿಳ್ಳು ಹೊಡೆದವು. ಗಾಳಿ ಹೋಗಿ ಇನ್ನೇನು ನಾಲ್ಕು ಹನಿ ಕೆಂಪು ನೀರು ಉದುರಬೇಕು ಎನ್ನುವಷ್ಟರಲ್ಲಿ ಯಮನೂರ ಗಡಿಯಾರ ನೋಡಿ ವಾಲ್ವ್ ತಿರುವಿ ಮುಂದಿನ ಓಣಿಗೆ ಹೋಗುತ್ತಿದ್ದ. ರಂಗವ್ವನ ಮನೆ ಟಾಕಿಯ ಕಾಲಡಿಯೇ ಇದ್ದರೂ ಅವಳ ಪೈಪು ಓಣಿಯೆಲ್ಲ ಸುತ್ತಿ ಕೊನೆಗೆ ಅವಳಲ್ಲಿಗೆ ಬರುತ್ತಿತ್ತು. ಅವಳಿಗೆ ಸಿಳ್ಳೂ ಸರಿಯಾಗಿ ಮುಟ್ಟಲಿಲ್ಲ.

ಜನ ಬೈಯಲು ಬಂದಾಗ ಹೊಳಬಸಪ್ಪ ಎಲ್ಲರಿಗೂ ಒಂದೊಂದು ಬಣ್ಣದ ಚೀಟಿ ಕೊಟ್ಟ. "ಏನ ಅಡ್ಡಿ ಐತಿ, ಬರದ ಅಂಟಸ್ರಿ. ಹಂಗ ಮಾಡೂದ ಪದ್ಧತಿ." ಕಂಬ ತುಂಬಿತು. ಅದರಲ್ಲಿ ಅವನ ತಾಯಿ ತಂದೆಯರ ಬಗ್ಗೆಯೂ ಕೆಲವು ಅಭಿಪ್ರಾಯಗಳಿದ್ದವು. ರಂಗವ್ವ ತನ್ನ ಚೀಟಿಯನ್ನು ಏನೂ ಬರೆಯದೆ ಅಂಟಿಸಿದಳು.

"ಏನೂ ಬರದಿಲ್ಲಲ್ಲಬೇ ಯವ್ವಾ?"

"ಬರಿಯಾಕ ಬರೂದಿಲ್ಲೋ ನನಗ. ಕೊಡಾನೂ ಖಾಲಿ, ಚೀಟೀನೂ ಖಾಲಿ. ಓದಕೋ."

ಎಂಟು ದಿನವಾಯಿತು. ಜನ ಗುಡೂರಿನಿಂದ ಬೈಕಿನ ಮೇಲೆ ಕೊಡ ತರತೊಡಗಿದರು. ದಿನಾ ನೀರು ಬರುವ ಊರಿನಿಂದ ನೀರಿಗೆ ಬರುತ್ತೀರಲ್ಲ ಎಂದು ಗುಡೂರಿನವರು ಚೇಷ್ಟೆ ಮಾಡಿದರು. ಹೊಳಬಸಪ್ಪನಿಗೆ ಅನ್ನ ಸೇರಲಿಲ್ಲ. ಧೈರ್ಯ ಮಾಡಿ ಸಾಹೇಬರ ಕೋಣೆಗೆ ಹೋದ.

"ಸಾಹೇಬ್ರ, ಇದ ತಪ್ಪಾಗೇತ್ರಿ. ಮೊದಲಿನಂಗ ಐದ ದಿನಕ್ಕೊಮ್ಮೆ ಎರಡ ತಾಸ ಬಿಡೂಣ್ರಿ."

"ಬದಲಾವಣಿ ಬದಲಿ ಮಾಡಿದ್ರ ಅದ ಉಳದಂಗ ಹೆಂಗ ಆಗತೈತಿ?"

"ತಪ್ಪಿದ್ರ ತಕ್ಷಣ ಬದಲಾಯಿಸ್ರಿ ಅಂತ ಹೇಳ್ಯಾರ್ರಿ."

"ಯಾವಾಗ ಹೇಳ್ಯಾರ?"

"ಮೊದಲನೇ ದಿನಾ ಹೇಳ್ಯಾರ್ರಿ."

"ಉಳಸ್ರಿ ಅಂತ ಯಾವಾಗ ಹೇಳ್ಯಾರ?"

"ಎರಡನೇ ದಿನಾರಿ."

"ಮತ್ತ? ಕಡೀಕ ಬಂದ ಆರ್ಡರ್ ಖರೆ. ಇಪ್ಪತ್ತೊಂದ ವರ್ಷ ಸರಕಾರದಾಗ ತಗದೀದಿ, ಇಷ್ಟೂ ಗೊತ್ತಾಗೂದಿಲ್ಲ?" ಸಾಹೇಬರು ದನಿ ತಗ್ಗಿಸಿದರು. "ನೋಡಪಾ, ಜಿಲ್ಲಾಕ್ಕ ಹೇಳಿ ಆಗೇತಿ. ಈಗ ನೀ ಬ್ಯಾಡ ಅಂದ್ರ ನನಗೇನ ಇಲ್ಲ, ವರ್ಗಾ ಆಗತೈತಿ. ನಿನ್ನ ಫೈಲ್ ಮಾತ್ರ ಆಲ್ಮಾರ್ಯಾಗ ಉಳೀತೈತಿ. ಐವತ್ತೈದಕ್ಕ ಎಷ್ಟ ತಿಂಗಳ ಉಳದಾವ?"

"ಏಳ್ರಿ."

"ಹೋಗು. ನಿಂತು ಮೀಟಿಂಗ್ ಮಾಡು."

ಮನೆಗೆ ಬಂದು ಹೊಳಬಸಪ್ಪ ಗೋಡೆಗೆ ಆತು ಕೂತ. ಊರಿಗೆ ನೀರು ಕೊಟ್ಟರೆ ತಾನು ಖಾಯಂ ಆಗುವುದಿಲ್ಲ, ತಾನು ಖಾಯಂ ಆಗಬೇಕಾದರೆ ಊರಿಗೆ ನೀರಿಲ್ಲ. ಶಿವಗಂಗಾ ತಮ್ಮ ಮನೆಯ ನಳದ ಸಿಳ್ಳು ಕೇಳುತ್ತ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದನ್ನು ನಿಲ್ಲಿಸದೆ ಕೇಳಿದಳು.

"ನಿಮ್ಮ ಸಾಹೇಬ್ರು ಬಾಗಲಕೋಟಿಗಿ ಯಾವ ಬಸ್ಸಿಗೆ ಹೋಗ್ತಾರ?"

"ಮೂರರ ಬಸ್ಸಿಗೆ."

"ಇಂಜಿನಿಯರ್ರು?"

"ಅವರು ಎರಡೂವರಿಗೇ ಹೋಗ್ತಾರ."

"ಮತ್ತ ಮೂರರ ಮ್ಯಾಲ ಈ ಊರಾಗ ಸರಕಾರ ಎಲ್ಲಿರ್ತೈತ್ರಿ? ಮುಂಜಾನೆ ಅವರ ನೀರ ಬಿಡ್ರಿ, ಮಧ್ಯಾನ್ನ ನಮ್ಮ ನೀರ ಬಿಡ್ರಿ."

ಎರಡು ದಿನದ ತರಬೇತಿಯಲ್ಲಿ ಇಷ್ಟು ಸರಳವಾಗಿ ಯಾರೂ ಹೇಳಿರಲಿಲ್ಲ. ಅವತ್ತಿನಿಂದ ಬೆಳಿಗ್ಗೆ ಏಳರಿಂದ ಹತ್ತರವರೆಗೆ ಸಿಳ್ಳು, ಮಧ್ಯಾಹ್ನ ಮೂರರಿಂದ ಏಳರವರೆಗೆ ಹಳೆಯ ಪಾಳಿಯಂತೆ ದಿನಕ್ಕೆರಡು ಓಣಿಗೆ ತುಂಬು ನೀರು. ಯಾಕೂಬಸಾಬ ಬೈದುಕೊಳ್ಳುತ್ತಲೇ ಒಪ್ಪಿದ. "ನೀ ಖಾಯಂ ಆಗೂದರೊಳಗ ನನ್ನ ಮಣಕಾಲ ಖಾಯಂ ಹೋಗ್ತಾವ ನೋಡಲೇ" ಎಂದ. ಯಮನೂರ, "ಸಿಳ್ಳಿಗೆ ಒಂದ ಪಗಾರ, ನೀರಿಗೆ ಒಂದ ಪಗಾರ ಕೊಡ್ತಾರೇನ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ವಾಲ್ವ್ ತಿರುವುವ ಉದ್ದನೆಯ ಕೀಲಿ ಹೆಗಲಿಗೇರಿಸಿದ.

ಸುದ್ದಿಯನ್ನು ರಂಗವ್ವನ ಕಿವಿಗೆ ಹಾಕಿದ್ದಾಯಿತು. ಊರಿಗೆಲ್ಲ ಮುಟ್ಟಿಸಲು ಬೇರೆ ಖರ್ಚು ಬೇಕಾಗಲಿಲ್ಲ. "ಇಪ್ಪತ್ತೊಂದ ವರ್ಷ ನಮಗ ನೀರ ಬಿಟ್ಟಾನ. ತೊಂಬತ್ತ ದಿನ ಅವನ ಸಲುವಾಗಿ ಒಂದ ಸುಳ್ಳ ಹೇಳಿದ್ರ ನಮ್ಮ ಗಂಟೇನ ಹೋಗತೈತಿ?" ಎಂದು ಅವಳು ಮನೆ ಮನೆಗೆ ಹೋಗಿ ಕಟ್ಟುಪಾಡು ಮಾಡಿದಳು. ಬೆಳಿಗ್ಗೆ ಸಾಹೇಬರ ಮೊಬೈಲಿಗೆ ಫೋಟೋ ಬೇಕಾದರೆ ಹೆಂಗಸರು ಹಿಂದಿನ ದಿನ ತುಂಬಿದ ಕೊಡಗಳನ್ನೇ ತಂದು ನಳದ ಬುಡಕ್ಕೆ ಇಟ್ಟು ನಗುತ್ತಿದ್ದರು. ಬೈಗುಳದ ಚೀಟಿಗಳು ಇಳಿದು, ಶಾಲೆಗೆ ಹೋಗುವ ಮಕ್ಕಳ ಅಕ್ಷರದಲ್ಲಿ 'ಅಡ್ಡಿ ಇಲ್ಲ' ಎಂಬ ಚೀಟಿಗಳು ಕಂಬ ಏರಿದವು. ಹೊಳಬಸಪ್ಪ ಒಂದೊಂದೇ ಚೀಟಿಯನ್ನು ನಿಂತು ಓದುತ್ತಿದ್ದ. ತನ್ನ ಮೇಲೆ ಊರಿಗೆ ಇಷ್ಟು ಪ್ರೀತಿ ಇದೆಯೆಂದು ಅವನಿಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ ಅಷ್ಟು ದುಡಿದದ್ದೂ ಜನ್ಮದಲ್ಲೇ ಮೊದಲು. ಪಾದ ಬಾತು ಚಪ್ಪಲಿ ಹಿಡಿಯುತ್ತಿರಲಿಲ್ಲ.

ತೊಂಬತ್ತನೆಯ ದಿನ ಜಿಲ್ಲೆಯಿಂದ ಒಬ್ಬ ಮೇಡಂ ಮತ್ತು ಚೇತನಕುಮಾರ ಜೀಪಿನಲ್ಲಿ ಬಂದರು. ಟಾಕಿಯ ಕೆಳಗೆ ಮೂವರೂ ನಿಂತು ಮೂರು ಮಾತು ಆಡಿದರು. ಯಾಕೂಬಸಾಬ ಕೂಡ "ಅಡ್ಡಿ ಏನಿಲ್ರಿ" ಎಂದ. ಚೇತನಕುಮಾರ ಕಂಬದ ಚೀಟಿಗಳನ್ನು ಮುಟ್ಟಿ ಮುಟ್ಟಿ ನೋಡಿದ. ಮೇಡಂ ರಂಗವ್ವನ ಮನೆಯ ಮುಂದೆ ನಿಂತು ಕೇಳಿದರು.

"ಅಜ್ಜೀ, ನೀರು ದಿನಾ ಬರ್ತಾವಾ?"

"ದಿನಾ ಬರ್ತಾವ್ರಿ ಬಾಯಾರ. ಬಂದ ಬಂದ ಸಾಕಾಗೇತ್ರಿ. ಬ್ಯಾಡ ಅಂದ್ರೂ ಬಿಡೂದಿಲ್ಲ ಇಂವಾ."

"ಇಪ್ಪತ್ತು ನಿಮಿಷ ಸಾಕಾಗ್ತದಾ?"

"ಹೆಚ್ಚಾಗತೈತ್ರಿ! ಹದಿನೈದಕ್ಕ ಎಲ್ಲಾ ತುಂಬತೈತಿ. ದೇವರಂಥಾ ಮನಷ್ಯಾರಿ ಈ ಹೊಳಬಸಪ್ಪ. ಇವಂದೊಂದ ಖಾಯಂ ಮಾಡಿಬಿಡ್ರಿ."

ಓಣಿಯವರೆಲ್ಲ ಹೌದ್ರಿ ಹೌದ್ರಿ ಎಂದು ದನಿಗೂಡಿಸಿದರು. ಮೇಡಂ ಮೆಚ್ಚಿ ತಲೆದೂಗಿ ಹೊಳಬಸಪ್ಪನ ಕಡೆ ತಿರುಗಿದರು.

"ಒಂಬತ್ತು ಓಣಿಗೆ ನೀರು ಬಿಟ್ಟು ಎಷ್ಟೊತ್ತಿಗೆ ಮುಗೀತದ?"

"ಏಳಕ್ಕ ಶುರು ಮಾಡಿದ್ರ ಹತ್ತಕ್ಕ ಮುಗೀತೈತ್ರಿ ಮೇಡಂ. ಮೂರ ತಾಸಿನ ಕೆಲಸರಿ" ಎಂದು ಅವನು ಎದೆ ಸೆಟೆಸಿ ಹೇಳಿದ.

"ಆಮೇಲೆ?"

ಹೊಳಬಸಪ್ಪ ರಂಗವ್ವನ ಮುಖ ನೋಡಿದ. ಸಾಹೇಬರು ಆಕಾಶ ನೋಡುತ್ತಿದ್ದರು.

"ಆಮ್ಯಾಲ ಏನೂ ಇಲ್ರಿ. ಆರಾಮ."

ಮೇಡಂ ಅದನ್ನು ಬರೆದುಕೊಂಡರು. ಚೇತನಕುಮಾರ ಅವನ ಕೈ ಹಿಡಿದು ಕುಲುಕಿ, "ಇಲ್ಲಿವರೆಗೆ ಐದು ಸಾವಿರ ಜನರಿಗೆ ಪಾಠ ಹೇಳಿದೀನಿ, ಉಳಿಸಿಕೊಂಡವರು ನೀವೊಬ್ಬರೇ" ಎಂದು ಕಣ್ಣು ಒರೆಸಿಕೊಂಡ. ಜೀಪು ಹೋದ ಮೇಲೆ ಓಣಿಯವರು ಹೊಳಬಸಪ್ಪನನ್ನು ಎತ್ತಿ ಕುಣಿಸುವುದೊಂದು ಬಾಕಿ. ಶಿವಗಂಗಾ ಆ ಸಂಜೆ ಹೋಳಿಗೆ ಮಾಡಿ ಯಾಕೂಬಸಾಬನ ಮನೆಗೂ ಯಮನೂರನ ಮನೆಗೂ ಕಳಿಸಿದಳು. ಊರು ಅವನನ್ನು ಖಾಯಂ ಆದವನೆಂದೇ ಲೆಕ್ಕ ಹಿಡಿಯಿತು. ಹೊಟೇಲಿನವನು ಅವನಿಗೆ ಚಹಾವನ್ನು ಗ್ಲಾಸಿನ ಬದಲು ಕಪ್ಪು-ಬಸಿಯಲ್ಲಿ ಕೊಟ್ಟ.

ಮೂರು ವಾರದ ನಂತರ, ಒಂದು ಮಧ್ಯಾಹ್ನ ಎರಡೂವರೆಗೆ, ಸಾಹೇಬರು ಕರೆಸಿದರು. ಅವರ ಮೇಜಿನ ಮೇಲೆ ಪ್ರಶಸ್ತಿಯ ಫಲಕವಿತ್ತು. ಅವರಿಗೆ ಬಾಗಲಕೋಟೆಗೇ ವರ್ಗವಾಗಿತ್ತು, ಬರುವ ತಿಂಗಳಿನಿಂದ ದಿನಾ ಬಸ್ಸು ಹಿಡಿಯುವ ತಾಪತ್ರಯವಿಲ್ಲ.

"ಕೂಡ್ರು ಹೊಳಬಸಪ್ಪ."

ಇಪ್ಪತ್ತೊಂದು ವರ್ಷದಲ್ಲಿ ಆ ಕೋಣೆಯಲ್ಲಿ ಅವನಿಗೆ ಯಾರೂ ಕೂಡ್ರು ಎಂದಿರಲಿಲ್ಲ. ಅವನಿಗೆ ಹೆದರಿಕೆಯಾಯಿತು.

"ನಾ ಮಾತ ತಪ್ಪಾಂವಲ್ಲ. ನಿನ್ನ ಫೈಲಿಗೆ ಸಹಿ ಹಾಕಿ ಕಳಿಸಿದ್ದೆ. ಇಪ್ಪತ್ತ ನಿಮಿಷದ ಪದ್ಧತಿ ಖಾಯಂ ಅಂತ ಆರ್ಡರ್ ಬಂದೈತಿ." ಸಾಹೇಬರು ಕನ್ನಡಕ ಹಾಕಿಕೊಂಡು ಓದಿದರು. "'ತಪಾಸಣೆಯಲ್ಲಿ ಸದರಿ ನೌಕರರೇ ಹೇಳಿಕೆ ನೀಡಿರುವಂತೆ, ನೀರು ಬಿಡುವ ಕೆಲಸವು ದಿನಕ್ಕೆ ಮೂರು ತಾಸಿನದ್ದಾಗಿದ್ದು, ಪೂರ್ಣಾವಧಿಯ ಹುದ್ದೆಯ ಅವಶ್ಯಕತೆ ಕಂಡುಬರುವುದಿಲ್ಲ. ಖಾಯಂ ಕೋರಿಕೆಯನ್ನು ತಿರಸ್ಕರಿಸಿದೆ. ಬರುವ ತಿಂಗಳಿನಿಂದ ಮೂವರಿಗೂ ಅರ್ಧ ದಿನದ ಕೂಲಿ ನೀಡತಕ್ಕದ್ದು.'"

ಹೊಳಬಸಪ್ಪ ಬಾಯಿ ತೆರೆದ. ಮೂರು ತಾಸಲ್ಲ ಸಾಹೇಬ್ರ, ಮುಂಜಾನೆಯಿಂದ ಸಂಜೆತನಕ ತಿರುವುತ್ತೇವೆ ಎನ್ನಬೇಕು. ಅಂದರೆ ತೊಂಬತ್ತು ದಿನವೂ ಸುಳ್ಳು ಎನ್ನಬೇಕು. ಕೊಡ ತಂದಿಟ್ಟು ನಕ್ಕ ಹೆಂಗಸರೆಲ್ಲ ಸುಳ್ಳುಗಾರರು, 'ಅಡ್ಡಿ ಇಲ್ಲ' ಎಂದು ಬರೆದ ಮಕ್ಕಳು ಸುಳ್ಳುಗಾರರು, ಮೇಡಂ ಮುಂದೆ ನಿಂತು ಅವನಿಗಾಗಿ ಬೇಡಿಕೊಂಡ ರಂಗವ್ವ ಎಲ್ಲರಿಗಿಂತ ದೊಡ್ಡ ಸುಳ್ಳುಗಾರಳು. ಇಷ್ಟೆಲ್ಲ ಹೇಳಿದ ಮೇಲೂ ಫೈಲು ಮುಚ್ಚಿದ್ದು ಮುಚ್ಚಿದ್ದೇ.

"ಏನರ ಹೇಳೂದೈತೇನ?" ಎಂದು ಸಾಹೇಬರು ಕೇಳಿದರು. ಅವರಿಗೆ ಎಲ್ಲ ಗೊತ್ತಿತ್ತು ಎಂಬುದು ಆ ದನಿಯಲ್ಲಿತ್ತು. ಮೊದಲಿನಿಂದಲೂ ಗೊತ್ತಿತ್ತು.

"ಏನಿಲ್ರಿ."

"ಹೊರಗುತ್ತಿಗಿ ಮಾಡೂದಿತ್ತು, ನಾನ ಬ್ಯಾಡ ಅಂದೆ. ನಿನ್ನ ಮ್ಯಾಲ ಅಂತಃಕರಣಾ ಐತಿ ನನಗ." ಸಾಹೇಬರು ಗಡಿಯಾರ ನೋಡಿ ಚೀಲ ಎತ್ತಿಕೊಂಡರು. "ಬರ್ತೇನಪಾ, ಬಸ್ ಬರೂ ಹೊತ್ತಾತು."

ಹೊಳಬಸಪ್ಪ ಹೊರಗೆ ಬಂದು ಮೆಟ್ಟಿಲ ಮೇಲೆ ಎಷ್ಟು ಹೊತ್ತು ಕೂತನೋ ಅವನಿಗೆ ತಿಳಿಯಲಿಲ್ಲ. ಎದ್ದಾಗ ಮೂರು ಮುಕ್ಕಾಲಾಗಿತ್ತು. ಯಾಕೂಬಸಾಬನಿಗೂ ಯಮನೂರನಿಗೂ ಹೇಗೆ ಹೇಳುವುದು, ಹೋಳಿಗೆ ಹಂಚಿದವಳಿಗೆ ಏನು ಹೇಳುವುದು ಎಂದು ವಿಚಾರ ಮಾಡುತ್ತ ನಡೆದ. ಮಧ್ಯಾಹ್ನದ ಕೆಲಸ ಈಗ ಆದೇಶದ ಪ್ರಕಾರ ಇರಲೇ ಇಲ್ಲ. ಇಲ್ಲದ ಕೆಲಸಕ್ಕೆ ಕೂಲಿಯೂ ಇಲ್ಲ. ಆದರೆ ಅವತ್ತು ಟಾಕಿ ಓಣಿಯ ಪಾಳಿ, ಐದನೆಯ ದಿನ. ಬಿಡದಿದ್ದರೆ ಅವರಿಗೆ ಇನ್ನೈದು ದಿನ ನೀರಿಲ್ಲ.

ಅವನು ಕೀಲಿ ಹೊತ್ತು ಬರುವುದನ್ನು ಕಂಡು ಓಣಿಯ ಹೆಂಗಸರು ಕೊಡ ಹಿಡಿದುಕೊಂಡೇ ಗದ್ದಲ ಎಬ್ಬಿಸಿದರು. ರಂಗವ್ವ ಎಲ್ಲರ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಎಷ್ಟೊತ್ತೋ ಹೊಳಬಸಪ್ಪಾ? ಮೂರರಿಂದ ಬಿಸಲಾಗ ನಿಂತೇವಿ. ನಾವ ಸುಳ್ಳ ಹೇಳಿ ಖಾಯಂ ಮಾಡಿಸಿದ್ದು ಹಿಂಗ ಕಾಯಸಲಿ ಅಂತೇನ? ಸರಕಾರಿ ನೌಕರಿ ಆದ ಕೂಡ್ಲೆ ಸೊಕ್ಕ ಬಂತ ನೋಡ್ರೇ ಇವಗ!"

ಹೆಂಗಸರೆಲ್ಲ ಹೋ ಎಂದು ನಕ್ಕರು. ಹೊಳಬಸಪ್ಪ ಬಗ್ಗಿ ವಾಲ್ವಿಗೆ ಕೀಲಿ ಸಿಕ್ಕಿಸಿ ಮೈಭಾರವೆಲ್ಲ ಹಾಕಿ ತಿರುವಿದ. ಮುಖ ಮೇಲೆತ್ತಲಿಲ್ಲ.

"ಹೂನಬೇ ಯವ್ವಾ. ಖಾಯಂ ಆದ ಮ್ಯಾಲ ಮನಷ್ಯಾ ಹಂಗ ಆಗತಾನ. ಕೊಡಾ ಹಚ್ಚು, ನೀರ ಬರ್ತಾವ."